ಕಾಸ್ಟ್ ಮಾಡುತ್ತಿದ್ದ ಕಾಲ

ನಾನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಜಾವಾ 1.4 ಚಾಲ್ತಿಯಲ್ಲಿತ್ತು. ಅರೇಲಿಸ್ಟಿನೊಳಗೆ ಏನೇ ಹಾಕಿದರೂ ತೆಗೆಯುವಾಗ ಅದು ಬರೀ ‘ಆಬ್ಜೆಕ್ಟ್’. ಅದು ಇಂಥ ಕ್ಲಾಸಿನದು ಎಂದು ಆವರಣದಲ್ಲಿ ಬರೆದು ನಾವೇ ಕಾಸ್ಟ್ ಮಾಡಬೇಕಿತ್ತು. ಕಂಪೈಲರ್ ನಮ್ಮ ಮಾತು ನಂಬಿ ಸುಮ್ಮನಾಗುತ್ತಿತ್ತು.

ನಮ್ಮದು ಬ್ಯಾಂಕಿನ ಸಾಫ್ಟ್‌ವೇರ್. ‘ಖಾತೆ’ ಮೂಲ ಕ್ಲಾಸು. ಅದರಡಿ ಉಳಿತಾಯ, ಚಾಲ್ತಿ, ಸಾಲ. ಮಾಸಿಕ ಕಂತು ಲೆಕ್ಕ ಹಾಕುವ ಮೆಥಡ್ ಸಾಲದ ಖಾತೆಗೆ ಮಾತ್ರ ಇತ್ತು. ರಾತ್ರಿಯ ಬ್ಯಾಚ್ ಓಡುವಾಗ ಪಟ್ಟಿಯೊಳಗೆ ಒಂದೇ ಒಂದು ಉಳಿತಾಯ ಖಾತೆ ನುಸುಳಿದ್ದರೂ ಸಾಕು, ಲಾಗಿನಲ್ಲಿ ‘ಕ್ಲಾಸ್‌ಕಾಸ್ಟ್‌ಎಕ್ಸೆಪ್ಷನ್’ ಬಿದ್ದು ಎಲ್ಲ ನಿಲ್ಲುತ್ತಿತ್ತು. ಡ್ಯೂಟಿಯಲ್ಲಿದ್ದವರ ಫೋನು ಹೊಡೆದುಕೊಳ್ಳುತ್ತಿತ್ತು. ಲಾಗ್ ತೋರಿಸುವ ಸಾಲಿನಲ್ಲಿ ತಪ್ಪೇ ಇರುತ್ತಿರಲಿಲ್ಲ. ಆ ಖಾತೆಯನ್ನು ಪಟ್ಟಿಗೆ ಸೇರಿಸಿದ ಕೋಡು ಇನ್ಯಾವುದೋ ಫೈಲಿನಲ್ಲಿ ಕೂತಿರುತ್ತಿತ್ತು. ಅದನ್ನು ಹುಡುಕುವಷ್ಟರಲ್ಲಿ ಬೆಳಗಾಗುತ್ತಿತ್ತು.

2004ರಲ್ಲಿ ಜಾವಾ 5 ಜೆನೆರಿಕ್ಸ್ ತಂದಿತು. ಈ ಪಟ್ಟಿಯಲ್ಲಿ ಸಾಲದ ಖಾತೆಗಳಷ್ಟೇ ಇರಬೇಕೆಂದು ಮೊದಲೇ ಬರೆದಿಟ್ಟರೆ, ಬೇರೆಯದನ್ನು ಸೇರಿಸಹೋದವರನ್ನು ಕಂಪೈಲರ್ ಅಲ್ಲೇ ತಡೆಯತೊಡಗಿತು. ನಮ್ಮ ಕಸುಬಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ನಾನು ಕಂಡಿಲ್ಲ.

ಎಲ್ಲ ಬಗೆಯ ಖಾತೆಗಳೂ ಬೆರೆತ ಪಟ್ಟಿಗಳ ಕಷ್ಟ ಮಾತ್ರ ಉಳಿಯಿತು. ಇನ್‌ಸ್ಟನ್ಸ್‌ಆಫ್‌ನಿಂದ ಸಾಲವೇ ಎಂದು ಕೇಳಿ, ಮರುಸಾಲಿನಲ್ಲಿ ಕಾಪಿ-ಪೇಸ್ಟಿನ ಅವಸರದಲ್ಲಿ ಉಳಿತಾಯಕ್ಕೆ ಕಾಸ್ಟ್ ಮಾಡಿದರೂ ಕೋಡು ಕಂಪೈಲ್ ಆಗುತ್ತಿತ್ತು! 2021ರಲ್ಲಿ ಬಂದ ಜಾವಾ 16ರಲ್ಲಿ ಕೇಳುವುದೂ ಹೆಸರಿಡುವುದೂ ಒಂದೇ ಸಾಲಿಗೆ ಬಂದು ಆ ಮರುಸಾಲಿನ ಕಾಸ್ಟೇ ಬೇಡವಾಯಿತು. ಅದೇ ವರ್ಷ ಜಾವಾ 17ರಲ್ಲಿ, ತನ್ನಡಿ ಯಾವ ಕ್ಲಾಸುಗಳಿರಬಹುದೆಂದು ಮೊದಲೇ ಹೇಳಿಡುವ ಸೀಲ್ಡ್ ಕ್ಲಾಸು, 2023ರಲ್ಲಿ ಜಾವಾ 21ರ, ಬಗೆ ನೋಡಿ ಕೇಸ್ ಆರಿಸುವ ಸ್ವಿಚ್ ಬಂದವು. ಸೀಲ್ಡ್ ಆದ ‘ಖಾತೆ’ಯಡಿ ಚಿನ್ನದ ಸಾಲ ಎಂಬ ಹೊಸ ಬಗೆ ಸೇರಿಸಿ, ಸ್ವಿಚ್‌ನಲ್ಲಿ ಅದರ ಕೇಸ್ ಮರೆತರೆ ಈಗ ಕೋಡು ಕಂಪೈಲೇ ಆಗದು. ‘ಡಿಫಾಲ್ಟ್’ ಬರೆದಿಟ್ಟರೆ ಆ ಕಾವಲು ಹೋಯಿತು; ಅಭ್ಯಾಸಬಲದಿಂದ ಅದನ್ನು ಬರೆಯುವವರು ಇನ್ನೂ ಬಹಳ ಮಂದಿ.

ಆದರೂ ಬಗೆ ಕೇಳದೆ ಮುಗಿಯುವ ಕೆಲಸಕ್ಕೆ ಬಗೆ ಕೇಳಬಾರದು. ಬಡ್ಡಿ ಎಲ್ಲ ಖಾತೆಗೂ ಕೇಳಬಹುದಾದ ಪ್ರಶ್ನೆ, ಹಾಗಾಗಿ ಅದರ ಮೆಥಡ್ ಮೂಲ ಕ್ಲಾಸಿನಲ್ಲೇ ಇರಲಿ. ಹಾಗೆಂದು ಕಂತಿನ ಮೆಥಡನ್ನೂ ಮೇಲಕ್ಕೆ ತಳ್ಳಿ, ಉಳಿತಾಯ ಖಾತೆಯಿಂದ ಸೊನ್ನೆ ಹೇಳಿಸುವುದು ಸರಿಯಲ್ಲ. ಎಕ್ಸೆಪ್ಷನ್ ಬಂದರೆ ತಪ್ಪು ಗೊತ್ತಾದರೂ ಆಗುತ್ತದೆ, ಸೊನ್ನೆ ಅದನ್ನು ಮುಚ್ಚಿಹಾಕುತ್ತದೆ. ಹಳೆಯ ಕೋಡು ಕೈಗೆ ಬಂದವರು ಕಾಸ್ಟ್ ತಿದ್ದುವ ಮುನ್ನ, ಆ ಪಟ್ಟಿ ಎಲ್ಲಿ ತುಂಬುತ್ತದೆ ಎಂದು ಹುಡುಕಿ ನೋಡಿ.