ಯಾವ ಕೆಂಪು?

ಬಿಸಿ ಎಷ್ಟೆಂದು ತಿಳಿಯಲು ನಾವು ಮುಟ್ಟಿ ನೋಡುತ್ತೇವೆ. ಮಗುವಿನ ಹಣೆಯ ಮೇಲೆ ಅಂಗೈ ಇಡುತ್ತೇವೆ, ಹಂಡೆಯ ನೀರಿಗೆ ಬೆರಳು ಅದ್ದುತ್ತೇವೆ. ಆದರೆ ಮುಟ್ಟಲಾಗದ ಬಿಸಿಯೂ ಉಂಟು. ಅದನ್ನು ಅಳೆಯಲು ಮನುಷ್ಯನಿಗೆ ಬಹುಕಾಲ ಇದ್ದದ್ದು ಕಣ್ಣೊಂದೇ.

ನನ್ನ ಅಜ್ಜನ ಕುಲುಮೆಯಲ್ಲಿ ಕಿಟಕಿ ಇರಲಿಲ್ಲ. ಬಿಸಿಲು ಬಿದ್ದರೆ ಕಬ್ಬಿಣದ ಬಣ್ಣ ತಿಳಿಯುವುದಿಲ್ಲ ಎನ್ನುತ್ತಿದ್ದ. ಮಬ್ಬು ಕೆಂಪಾದರೆ ಇನ್ನೂ ತಿದಿ ಒತ್ತಬೇಕು, ಕಿತ್ತಳೆಗೆ ತಿರುಗಿದರೆ ಬಡಿಯಬಹುದು, ಬೆಳ್ಳಗಾಗಿ ಕಿಡಿ ಹಾರಿದರೆ ಕಬ್ಬಿಣ ಕೆಟ್ಟಿತು. ಅಜ್ಜನ ವಿದ್ಯೆಯ ಹಿಂದಿನ ಭೌತಶಾಸ್ತ್ರ ಸರಳ: ಪ್ರತಿಯೊಂದು ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಕಿರಣಗಳನ್ನು ಹೊರಸೂಸುತ್ತದೆ. ಬಿಸಿ ಕಡಿಮೆಯಿದ್ದರೆ ಆ ಕಿರಣ ಕಣ್ಣಿಗೆ ಕಾಣದು, ಅಷ್ಟೆ. 1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿದ್ದ ಬಣ್ಣಗಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪಿನಾಚೆ, ಬೆಳಕೇ ಇಲ್ಲದ ಕಡೆ, ಪಾದರಸ ಇನ್ನೂ ಮೇಲೇರಿತು. ಅದೇ ಅವಕೆಂಪು.

ಈಗ ಆ ಕಿರಣವನ್ನು ಕೂದಲೆಳೆಯಂಥ ತಂತುವಿನೊಳಗೆ ಹರಿಸಿ ದೂರದ ಸಂವೇದಕಕ್ಕೆ ಒಯ್ಯುತ್ತಾರೆ. ಕಣ್ಣು ಹಾಯದ ಕುಲುಮೆಯ ಮೂಲೆಗೂ ತಂತು ಬಾಗಿ ಹೋಗುತ್ತದೆ. ಮೈಕ್ರೋವೇವ್ ಇರುವಲ್ಲಿ ಲೋಹದ ತಂತಿ ತಾನೇ ಕಾದು ಸುಳ್ಳು ಹೇಳಬಹುದು, ಗಾಜಿನೆಳೆಗೆ ಆ ತೊಂದರೆಯಿಲ್ಲ. ಆದರೆ ಮನೆಗೆ ಇಂಟರ್ನೆಟ್ ತರುವ ಮಾಮೂಲಿ ಗಾಜಿನ ತಂತು ಸುಮಾರು 2 ಮೈಕ್ರೋಮೀಟರ್‌ವರೆಗಿನ ಕಿರಣವನ್ನಷ್ಟೇ ಚೆನ್ನಾಗಿ ಸಾಗಿಸುತ್ತದೆ. ಕಾದ ಕಬ್ಬಿಣಕ್ಕೆ ಅದು ಸಾಕು. ನಮ್ಮ ಮೈಬಿಸಿಯ ಕಿರಣ 9-10 ಮೈಕ್ರೋಮೀಟರ್ ಸುತ್ತ ಪ್ರಬಲ, ಅದಕ್ಕೆ ಬೇರೆ ಎಳೆ ಬೇಕು. ಟೆಲ್ ಅವೀವ್ ವಿಶ್ವವಿದ್ಯಾಲಯದಲ್ಲಿ ಅಬ್ರಹಾಂ ಕಾಟ್ಜಿರ್ ತಂಡ ಬೆಳ್ಳಿಯ ಕ್ಲೋರೈಡ್-ಬ್ರೋಮೈಡ್ ಹರಳಿನಿಂದ ಅಂಥ ಎಳೆ ಮಾಡಿತು. ಲೇಸರ್‌ನಿಂದ ಗಾಯದ ಅಂಚುಗಳನ್ನು ಬೆಸೆಯುವಾಗ ಆ ಎಳೆ ಚರ್ಮದ ಬಿಸಿಯನ್ನು ಗಮನಿಸುತ್ತಿರುತ್ತದೆ. ಬಿಸಿ ಹದ ಮೀರಿದರೆ ಲೇಸರ್ ತಗ್ಗುತ್ತದೆ.

ಯಂತ್ರಕ್ಕೂ ಮೋಸವಾಗುವುದುಂಟು. ಒಂದೇ ಬಿಸಿಯಲ್ಲಿದ್ದರೂ ಮಸಿ ಹಿಡಿದ ಕಬ್ಬಿಣ ಹೆಚ್ಚು ಕಿರಣ ಸೂಸುತ್ತದೆ, ಹೊಳೆಯುವ ಲೋಹ ಕಡಿಮೆ. ಹಾಗಾಗಿ ಎರಡು ತರಂಗಾಂತರಗಳನ್ನು ಹೋಲಿಸಿ ಲೆಕ್ಕ ಹಾಕುವ ಉಪಕರಣಗಳೂ ಇವೆ.

ಬೆಂಕಿಯನ್ನು ವರ್ಷಗಟ್ಟಲೆ ನೋಡಿದವರ ಕಣ್ಣಿಗೆ ಅವಕೆಂಪು ಕಿರಣದಿಂದ ಪೊರೆ ಬರಬಹುದು. ಗಾಜು ಊದುವವರಲ್ಲಿ ವೈದ್ಯರು ಇದನ್ನು ಹಿಂದೆಯೇ ಗುರುತಿಸಿದ್ದರು. ಅಜ್ಜನ ಎರಡೂ ಕಣ್ಣಿಗೆ ಪೊರೆ ಬಂದಾಗ, ಅದು ವಯಸ್ಸಿನದೋ ಬೆಂಕಿಯದೋ ಎಂದು ಬೇರ್ಪಡಿಸಿ ಹೇಳುವುದು ಡಾಕ್ಟರಿಗೂ ಸಾಧ್ಯವಾಗಲಿಲ್ಲ. ಆಮೇಲೆ ಚಿಕ್ಕಪ್ಪ ಇಕ್ಕಳ ಹಿಡಿದ. ಅಜ್ಜ ಪಕ್ಕದ ಮಣೆಯ ಮೇಲೆ ಕೂತು ಕೇಳುತ್ತಿದ್ದ:

"ಬಣ್ಣ ಹೆಂಗಾತೋ?"

"ಕೆಂಪಾತಪ್ಪಾ."

"ಯಾವ ಕೆಂಪು?"

ಚಿಕ್ಕಪ್ಪನ ಹತ್ತಿರ ಅದಕ್ಕೆ ಮಾತಿರಲಿಲ್ಲ. ತಂತು ಆ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಹೇಳುತ್ತದೆ. ಅದರ ತುದಿ ಸುಟ್ಟರೆ ಕತ್ತರಿಸಿ, ಉಜ್ಜಿ, ಮತ್ತೆ ಬೆಂಕಿಗೆ ಮುಖಮಾಡಿ ಇಡಬಹುದು.