ಜವಾರಿ

2024ರಲ್ಲಿ ಮಿರಜಿನ ಸಿತಾರು, ತಂಬೂರಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಸುದ್ದಿ ಓದಿದಾಗ ನನಗೆ ನೆನಪಾದದ್ದು ಮಾತ್ರ ನನ್ನ ಗಿಟಾರಿನ ಹಸಿರು ಡಬ್ಬಿ.

ಪುಣೆಯ ನನ್ನ ಬಾಡಿಗೆ ಮನೆಗೆ ಅಪ್ಪ ಮೊದಲ ಸಲ ಬಂದದ್ದು 2008ರ ಡಿಸೆಂಬರಿನಲ್ಲಿ. ಮಗನನ್ನು ನೋಡಲಿಕ್ಕೆ ಅಂತ ಹೆಸರು. ಅಸಲು ಕೆಲಸ ಇದ್ದದ್ದು ಮಿರಜಿನಲ್ಲಿ. ಅವ್ವನ ತಂಬೂರಿಯ ಜವಾರಿ ಕೆಟ್ಟು ವರ್ಷಗಳಾಗಿದ್ದವು. ಅವ್ವ ತೀರಿಕೊಂಡ ಮೇಲೆ ಅದು ಗವಸು ಹಾಕಿಕೊಂಡು ಧಾರವಾಡದ ಮನೆಯ ಮೂಲೆಯಲ್ಲಿ ನಿಂತುಬಿಟ್ಟಿತ್ತು. ಪುಣೆಗೆ ಬರುವ ರೈಲು ಹೇಗೂ ಮಿರಜಿನ ಮೇಲೆ ಹಾದು ಬರುತ್ತದಲ್ಲ, ಅಪ್ಪ ಅಲ್ಲಿ ಇಳಿದು ತಂಬೂರಿ ಮಾಡುವವರೊಬ್ಬರ ಕೈಗೆ ಅದನ್ನು ಒಪ್ಪಿಸಿದ್ದರು. ನಾಲ್ಕು ದಿನ ಬಿಟ್ಟು ಬರ್ರಿ ಅಂದರಂತೆ. ಆ ನಾಲ್ಕು ದಿನಕ್ಕೆ ನನ್ನ ಮನೆ.

(ನಮ್ಮ ಕಡೆ ಜವಾರಿ ಅಂದರೆ ಕೋಳಿ, ಮೆಣಸಿನಕಾಯಿ, ಮಂದಿ. ತಂಬೂರಿಯ ಜವಾರಿ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.)

ನಾನು ಗಿಟಾರ್ ಬಾರಿಸುತ್ತೇನೆ ಅನ್ನುವುದು ಅಪ್ಪನಿಗೆ ಗೊತ್ತಿತ್ತು. ಹಲಗೆಯ ಮೇಲೆ ಸಾಲಾಗಿ ಕೂತ ಐದು ಲೋಹದ ಡಬ್ಬಿಗಳ ಸಂಗತಿ ಗೊತ್ತಿರಲಿಲ್ಲ. "ಪೆಡಲ್ ಅಂದ್ರ ಹೊಲಿಗಿ ಮಷಿನ್ನಿಂದು ಅಷ್ಟ ಗೊತ್ತು ನನಗ" ಅಂದರು. ನಾನು ಆಂಪ್ಲಿಫೈಯರ್ ಹಚ್ಚಿದೆ. ತಂತಿ ಮುಟ್ಟುವ ಮೊದಲೇ ಅದು ಎಂದಿನಂತೆ ಗುಂಯ್‌ಗುಡತೊಡಗಿತು. ಅಪ್ಪ ತಲೆ ವಾರೆ ಮಾಡಿ ಕೇಳಿ, "ಬಿಳಿ ಐದಕ್ಕಿಂತ ತುಸು ಮ್ಯಾಲ ಐತಿ" ಅಂದರು. ಆಮೇಲೆ ಲೆಕ್ಕ ಹಾಕಿ ನೋಡಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು, ಆ ಗುಂಯ್‌ ಶಬ್ದದಲ್ಲಿ ಎದ್ದು ಕೇಳುವುದು ಅದರ ಎರಡರಷ್ಟು, 100. ಬಿಳಿ ಐದರ ಕೆಳಗಿನ ಸ್ವರ 98. ಮೂವತ್ತು ವರ್ಷ ಅವ್ವನ ಹಿಂದೆ ಕೂತು ತಂಬೂರಿ ಮೀಟಿದ ಕಿವಿ ಅದು.

ನನ್ನ ಕಿವಿ ಅಂಥದ್ದಲ್ಲ ಅನ್ನುವುದೇ ಆಗಿನ ನನ್ನ ಸಂಕಟ. ಆಫೀಸಿನ ನಾಲ್ವರು ಸೇರಿ ಒಂದು ಬ್ಯಾಂಡ್ ಕಟ್ಟಿದ್ದೆವು. ಶನಿವಾರ ಬಾಡಿಗೆ ಕೋಣೆಯಲ್ಲಿ ರಿಹರ್ಸಲ್. ಮನೆಯಲ್ಲಿ ಒಬ್ಬನೇ ಬಾರಿಸಿದಾಗ ನನ್ನ ಗಿಟಾರು ಸಿಂಹದ ಹಾಗೆ ಗರ್ಜಿಸುತ್ತಿತ್ತು. ಅಲ್ಲಿ ಹೋದರೆ ಇದ್ದೂ ಇಲ್ಲದ ಹಾಗೆ. "ನೀನು ಇವತ್ತು ಬಾರಿಸ್ತಿದ್ದೀಯೇನು?" ಅಂತ ಹಾಡುವವಳು ಒಮ್ಮೆ ಮರಾಠಿಯಲ್ಲಿ ಕೇಳಿಯೇಬಿಟ್ಟಳು. ಬೇರೆ ಗಿಟಾರಿನವನನ್ನು ಹುಡುಕುತ್ತಿದ್ದಾರೆ ಅನ್ನುವ ಗಾಳಿಮಾತೂ ಕಿವಿಗೆ ಬಿತ್ತು. ಪರವೂರಿನಲ್ಲಿ ನನಗೆ ಆಫೀಸಿನಾಚೆ ಇದ್ದ ಮಂದಿಯೆಂದರೆ ಅವರೇ. ಹೆದರಿ ಇನ್ನೊಂದು ಡಬ್ಬಿ ಕೊಂಡೆ, ಗೇನ್ ಇನ್ನಷ್ಟು ಏರಿಸಿದೆ.

ಅಪ್ಪನ ಮುಂದೆ ಅದನ್ನೇ ಬಾರಿಸಿದೆ. "ಏನಪಾ ಇದು, ತಗಡು ಎಳದಂಗ ಆಗಾಕತ್ತೈತಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇದರಾಗ ಏನ್ ಮಾಡ್ತಿ?"

ದನಿಯ ಅಲೆಯನ್ನು ಹಿಗ್ಗಿಸಿ ಅದರ ತಲೆ ಕತ್ತರಿಸುತ್ತೇವೆ ಅಂದೆ.

"ತಲಿ ಕತ್ತರಿಸಿದ ಮ್ಯಾಲ ಉಳಿಯೂದೇನು?"

ಮೂಲ ದನಿಯಲ್ಲಿ ಇಲ್ಲದ ಮೇಲುಸ್ವರಗಳು ಹುಟ್ಟಿಕೊಳ್ಳುತ್ತವೆ ಅಂದೆ. ಇದು ಶುರುವಾದದ್ದೇ ಒಂದು ಕೆಟ್ಟ ಯಂತ್ರದಿಂದ ಅನ್ನುವ ಕಥೆಯನ್ನೂ ಹೇಳಿದೆ: ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್‌ನ ಒಂದು ಹಾಡಿಗೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ ಬಾರಿಸಿದಾಗ ಸ್ಟುಡಿಯೋದ ಮಿಕ್ಸರ್ ಕೆಟ್ಟು ದನಿ ಒಡೆಯಿತು. ಅದನ್ನು ಹಾಗೇ ಬಿಟ್ಟರು. 1961ರಲ್ಲಿ ಹಾಡು ಹೊರಬಂತು, ಮರುವರ್ಷವೇ ಆ ಒಡಕು ದನಿ ತೆಗೆಯುವ 'ಮೇಸ್ಟ್ರೋ ಫಝ್-ಟೋನ್' ಅನ್ನುವ ಡಬ್ಬಿ ಮಾರಾಟಕ್ಕೆ ಬಂತು.

ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ತಂಬೂರಿಯ ಕುದುರೆಯ ಮೈ ಸಪಾಟಾಗಿರುವುದಿಲ್ಲ, ಸಣ್ಣ ಬಾಗು ಇರುತ್ತದೆ. ಮೀಟಿದ ತಂತಿ ಅದನ್ನು ಸವರಿಕೊಂಡು ಅದುರುತ್ತದೆ, ಅದರಿಂದಲೇ ಆ ಝೇಂಕಾರ. ತಂತಿಯ ಕೆಳಗೊಂದು ನೂಲಿನ ಎಳೆ ಸಿಕ್ಕಿಸಿ ಅದನ್ನು ಹದ ಮಾಡುತ್ತಾರೆ. "ತಂತಿ ಸವದು ಸವದು ಕುದುರಿ ಮ್ಯಾಲ ಗೆರಿ ಬೀಳತಾವ, ದನಿ ಮುಚ್ಚಿಕೋತೈತಿ. ಮಿರಜಿನ್ಯಾಗ ಅರ ಹಿಡದು ಅದನ್ನ ತೆರೀತಾರ. ಅತಿ ತೆರದ್ರ ತಂಬೂರಿ ಒದರತೈತಿ, ನಿಂದು ಒದರಿದಂಗ."

ಆಮೇಲೆ ತಾವೇ ಹಾಡಲು ಕೂತರು. ಅಪ್ಪ ಹಾಡುಗಾರರೇನಲ್ಲ. ಅವ್ವ ಹಾಡುತ್ತಿದ್ದ ಒಂದು ವಚನ ಎತ್ತಿಕೊಂಡು, ಹಿಂದೆ ಸುಮ್ಮನೆ ಷಡ್ಜ ಪಂಚಮ ಹಿಡಿ ಅಂದರು. ಎರಡು ಸಾಲಿಗೇ ಅವರ ದನಿ ನನ್ನ ಗದ್ದಲದಲ್ಲಿ ಮುಳುಗಿತು. ನಿಲ್ಲಿಸಿ, ಬಗ್ಗಿ, ಹೊಸ ಡಬ್ಬಿಯನ್ನು ಬಂದ್ ಮಾಡಿಸಿದರು. ಉಳಿದದ್ದು ಹಸಿರು ಟ್ಯೂಬ್ ಸ್ಕ್ರೀಮರ್. ಅದರ ಡ್ರೈವ್ ಗುಂಡಿ ಗಡಿಯಾರದ ಐದು ಗಂಟೆಯ ಜಾಗದಲ್ಲಿತ್ತು, ಹತ್ತಕ್ಕೆ ಇಳಿಸಿದರು. ಆಂಪ್ಲಿಫೈಯರಿನಲ್ಲಿ ನಾನು ಸೊನ್ನೆಗಿಟ್ಟಿದ್ದ ಮಿಡ್ ಗುಂಡಿಯನ್ನು ಅರ್ಧಕ್ಕೆ ಏರಿಸಿದೆ. ಗಿಟಾರಷ್ಟನ್ನೇ ಕೇಳಿದರೆ ಮೂಗಿನಿಂದ ಹಾಡಿದ ಹಾಗೆ, ಚೆಂದವೇನಿಲ್ಲ. ಅಪ್ಪ ಮತ್ತೆ ಶುರುಮಾಡಿದಾಗ ಅದು ಅವರ ದನಿಯ ಕೆಳಗೆ ನಿಂತುಕೊಂಡಿತು. "ಹಾಡೂ ಮುಂದ ಅದು ಕೇಳಸಬಾರದು. ನಿಂತ್ರ ಮಾತ್ರ ಗೊತ್ತಾಗಬೇಕು."

ನನ್ನ ತಪ್ಪು ಆಗ ತಲೆಗೆ ಹೋಯಿತು. ಬ್ಯಾಂಡಿನಲ್ಲಿ ಕೆಳಗಿನ ಜಾಗ ಬಾಸ್ ಮತ್ತು ದೊಡ್ಡ ಡ್ರಮ್ಮಿನದು, ಮೇಲಿನದು ಕಂಚಿನ ತಟ್ಟೆಗಳದು. ಗಿಟಾರಿನ ಜಾಗ ನಡುವೆ. ನಾನು ಆ ನಡುವನ್ನೇ ತೋಡಿ ತೆಗೆದು ಎರಡೂ ತುದಿಗಳಲ್ಲಿ ಅರಚುತ್ತಿದ್ದೆ. ಹಸಿರು ಡಬ್ಬಿಯ ಮಂಡಲ ಇರುವುದೇ ಕೆಳದನಿ ಸವರಿ 700 ಹರ್ಟ್ಸ್ ಆಸುಪಾಸನ್ನು ಎತ್ತಿ ಹಿಡಿಯುವಂತೆ. ನಮ್ಮ ಬಾಸಿನವನು ಅದನ್ನೇ ಎರವಲು ಒಯ್ದಾಗ ಅವನ ಕೆಳದನಿಯೆಲ್ಲ ಸೋರಿಹೋದದ್ದೂ ಅದಕ್ಕೇ. ಅವನಿಗೆ ಬೇಕಾದದ್ದು ಶುದ್ಧ ದನಿಯನ್ನು ಹಾಗೇ ಉಳಿಸಿಕೊಂಡು ಒಡಕು ದನಿಯನ್ನು ಅದರಲ್ಲಿ ಬೆರೆಸುವಂಥ ಡಬ್ಬಿ.

ಆ ಶನಿವಾರ ಹಾಡುವವಳು ಒಮ್ಮೆ ತಿರುಗಿ ನೋಡಿದಳು, ಏನೂ ಅನ್ನಲಿಲ್ಲ. ಬೇರೆಯವನನ್ನು ಹುಡುಕುವ ಮಾತು ಮತ್ತೆ ಬರಲಿಲ್ಲ.

ರವಿವಾರ ಅಪ್ಪನ ಜೊತೆ ನಾನೂ ಮಿರಜಿಗೆ ಹೋದೆ. ಕುದುರೆಯ ಮೇಲೆ ಕೊನೆಯ ಸಲ ಅರ ಆಡಿಸಿ, ಪುಡಿ ಊದಿ, ನೂಲು ಸಿಕ್ಕಿಸಿ ಆ ಮುದುಕರು ಕೇಳಿದರು: "ಬಾರಸೂವ್ರು ಯಾರ್ರಿ?"

"ಇಂವ" ಅಂದರು ಅಪ್ಪ.

ಅವ್ವ ಇದ್ದಾಗ ತಂಬೂರಿ ಹಿಡಿ ಬಾ ಅಂತ ಕರೆದರೆ ಕ್ರಿಕೆಟ್ ಆಡಲು ಓಡುತ್ತಿದ್ದವನು ನಾನು. ಚಾಪೆಯ ಮೇಲೆ ಕೂತು, ಗಿಟಾರಿನ ರೂಢಿಯಲ್ಲಿ ಮೊದಲ ತಂತಿಗೆ ತೋರುಬೆರಳು ಇಟ್ಟೆ.

"ಅದಕ್ಕ ನಡುಬೆರಳು" ಅಂದರು ಅಪ್ಪ.