ಗೊಂಬೆಯೂರಿನ ಕಲ್ಲುಗೋಡೆ

ದಸರಾ ಗೊಂಬೆ ಕೂರಿಸುವವರಿಗೆ ಈಗ ಯಲಹಂಕದ ಅಂಗಡಿಗಳಲ್ಲಿ ಎಲ್ಲವೂ ಸಿಗುತ್ತದೆ. ಥರ್ಮಾಕೋಲಿನ ಬೆಟ್ಟ, ಪ್ಲಾಸ್ಟಿಕ್ ಹುಲ್ಲು, ಸ್ವಿಚ್ ಹಾಕಿದರೆ ಹರಿಯುವ ಜಲಪಾತ. ಗೊಂಬೆಗಳ ಹಳ್ಳಿಗೆ ಬೇಲಿ ಬೇಕೆಂದರೆ ಬಿಳಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕೊಡುತ್ತಾರೆ. ಅಂಥ ಬೇಲಿ ನಮ್ಮ ಸೀಮೆಯ ಯಾವ ಹೊಲಕ್ಕೂ ಇರಲಿಲ್ಲ. ನಮ್ಮಲ್ಲಿದ್ದದ್ದು ಕಲ್ಲು: ದ್ರಾಕ್ಷಿ ಚಪ್ಪರಕ್ಕೆ ಕಲ್ಲುಕಂಬ, ತೋಟದ ಅಂಚಿಗೆ ಸಾಲಾಗಿ ನೆಟ್ಟ ಚಪ್ಪಡಿ, ದನದ ದೊಡ್ಡಿಗೆ ಗಾರೆಯಿಲ್ಲದೆ ಪೇರಿಸಿದ ಗೋಡೆ.

ನಮ್ಮ ಬೀದಿಯಲ್ಲಿ ಕಲ್ಲು ಕೆಲಸದ ತಾತ ಒಬ್ಬರಿದ್ದರು. ವಿಧಾನಸೌಧಕ್ಕೆ ಕಲ್ಲು ಕೆತ್ತಿದ್ದೇನೆ ಅನ್ನುತ್ತಿದ್ದರು. ಆ ಕಾಲದ ಕಲ್ಲು ಕೆಲಸದವರೆಲ್ಲ ಹಾಗೇ ಅನ್ನುತ್ತಿದ್ದರು. 1956ರಲ್ಲಿ ಮುಗಿದ ಆ ಕಟ್ಟಡಕ್ಕೆ ದುಡಿದವರು ಸಾವಿರಾರು ಮಂದಿ, ನಂಬದಿರಲು ನನಗೆ ಕಾರಣವಿಲ್ಲ. ಉಳಿ ಪೆಟ್ಟಿಗೆ ಸಿಡಿದ ಚಕ್ಕೆಗಳಲ್ಲಿ ಒಳ್ಳೆಯವನ್ನು ಆರಿಸಿ ಅವರು ಒಂದು ಡಬ್ಬದಲ್ಲಿ ಕೂಡಿಡುತ್ತಿದ್ದರು. ಮಹಾಲಯ ಅಮಾವಾಸ್ಯೆ ಹತ್ತಿರವಾದಾಗ ಬೀದಿಯ ಹೆಣ್ಣುಮಕ್ಕಳನ್ನು ಕರೆದು ಕೇಳುವರು, “ಏನವ್ವಾ, ನಿಮ್ಮನೇಲಿ ಹಸ ಎಷ್ಟವೆ? ಬಾವಿ ಎಲ್ಲೈತೆ?” ಹಸು ಇದ್ದ ಮನೆಯ ಗೊಂಬೆಯೂರಿಗೆ ಪುಟ್ಟ ದೊಡ್ಡಿಯ ಕಲ್ಲು, ಬಾವಿ ಇದ್ದ ಮನೆಯದಕ್ಕೆ ಬಾವಿಕಟ್ಟೆಯ ಕಲ್ಲು. ಹೊಸದಾಗಿ ಮದುವೆಯಾದ ಮಗಳಿಗೆ ತವರಿನಿಂದ ಪಟ್ಟದ ಗೊಂಬೆ ಹೋಗುವಾಗ, ಅದರ ಜೊತೆ ತಾತನ ಕಡೆಯಿಂದ ಬಟ್ಟೆಗಂಟಿನಲ್ಲಿ ಬಿಡಿಬಿಡಿ ಕಲ್ಲು. ಊರೂರಲ್ಲೂ ಇದ್ದ ಸಂಪ್ರದಾಯ ಅಂತ ನಾನು ಹೇಳುತ್ತಿಲ್ಲ, ನಮ್ಮ ಬೀದಿಯ ಮಾತಷ್ಟೇ.

ಗಂಟು ಕೊಟ್ಟರೆ ಉಡುಗೊರೆ ಮುಗಿಯುತ್ತಿರಲಿಲ್ಲ. ಅದನ್ನು ಕಟ್ಟಿಕೊಳ್ಳಬೇಕಿತ್ತು. ಮರಳು ಹರಡಿ, ರಾಗಿ ಮೊಳಕೆಯ ಹೊಲದ ಪಕ್ಕ ತಾತ ಒಮ್ಮೆ ಕಟ್ಟಿ ತೋರಿಸುವರು. ಅಗಲ ಕಲ್ಲು ಕೆಳಗೆ. ಎರಡು ಕಲ್ಲಿನ ಸಂದಿನ ಮೇಲೆ ಇನ್ನೊಂದು ಸಂದು ಬರಕೂಡದು. ಎರಡೂ ಮೈ ಮೇಲಕ್ಕೆ ಹೋದ ಹಾಗೆ ಒಂದಿಷ್ಟು ಒಳಕ್ಕೆ ವಾಲಬೇಕು. ನಡುನಡುವೆ ಗೋಡೆಯ ದಪ್ಪಕ್ಕೂ ಚಾಚುವ ಒಂದು ಉದ್ದನೆಯ ಕಲ್ಲನ್ನು ಅಡ್ಡ ಹಾಕದಿದ್ದರೆ ಎರಡು ಮೈಯೂ ಬೇರೆಯಾಗಿ ಉಬ್ಬಿ ಬೀಳುತ್ತವೆ. ಒಳಗಿನ ಪೊಳ್ಳಿಗೆ ಪುಡಿಚಕ್ಕೆ. “ಕಲ್ಲಿಗೂ ಮಕ ಐತೆ, ನೋಡಿ ಮಡಗು” ಎಂದು ಹೇಳಿ, ಕಟ್ಟಿದ್ದನ್ನು ಕೈಯಿಂದ ಒರಸಿ ಬೀಳಿಸಿಬಿಡುವರು. ಉಳಿದದ್ದು ಮಕ್ಕಳ ಪಾಲು. ಹಬ್ಬ ಕಳೆದ ಮೇಲೆ ಗೋಡೆ ಬಿಚ್ಚಿ, ಗೊಂಬೆಗಳ ಜೊತೆ ಟ್ರಂಕಿಗೆ. ಮರುವರ್ಷ ಮತ್ತೆ ಮೊದಲಿಂದ. ಹೀಗಾಗಿ ಹತ್ತು ವರ್ಷದ ಹುಡುಗಿಗೂ ದೊಡ್ಡಿಗೋಡೆ ಯಾಕೆ ಬೀಳುವುದಿಲ್ಲ ಅನ್ನುವುದು ಗೊತ್ತಿರುತ್ತಿತ್ತು.

ದೊಡ್ಡ ಗೋಡೆ ಹೋದದ್ದರಿಂದಲೇ ಚಿಕ್ಕದೂ ಹೋಯಿತು. 2007ರಲ್ಲಿ ಯಲಹಂಕ ಬೃಹತ್ ಬೆಂಗಳೂರಿಗೆ ಸೇರಿತು, 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಿತು. ದ್ರಾಕ್ಷಿ ತೋಟಗಳು ಸೈಟುಗಳಾದವು. ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದ್ದು 2013ರಲ್ಲಿ, ಈ ಕಡೆಯ ಎಷ್ಟೋ ಚಪ್ಪರಗಳ ಕಂಬ ಕಿತ್ತಾದ ಮೇಲೆ. ಕಾಂಪೌಂಡಿಗೆ ಸಿಮೆಂಟ್ ಬ್ಲಾಕು ಬಂತು, ಬೀದಿಯಲ್ಲಿ ಉಳಿಯ ಸದ್ದು ನಿಂತಿತು. ನಿಂತದ್ದಕ್ಕೆಲ್ಲ ಮರುಗುವವನು ನಾನಲ್ಲ. ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ಹತ್ತಿಸಿಕೊಂಡವರ ಕೆಮ್ಮು ಕೇಳಿದವರಾರೂ ತಮ್ಮ ಮಕ್ಕಳನ್ನು ಆ ಕೆಲಸಕ್ಕೆ ಕಳಿಸಲಾರರು. ತಾತನ ಮಕ್ಕಳೂ ಹೋಗಲಿಲ್ಲ, ಒಳ್ಳೆಯದೇ ಆಯಿತು. ಆದರೆ ಪೇರಿಸುವುದಕ್ಕೆ ಉಳಿಯೂ ಬೇಡ, ಧೂಳೂ ಏಳದು. ಅದನ್ನೂ ಜೊತೆಗೇ ಯಾಕೆ ಬಿಟ್ಟೆವೋ!

2018ರಲ್ಲಿ ಕ್ರೊಯೇಷಿಯಾ, ಗ್ರೀಸ್, ಇಟಲಿ ಮೊದಲಾದ ಎಂಟು ದೇಶಗಳು ಸೇರಿ, ಗಾರೆಯಿಲ್ಲದೆ ಕಲ್ಲುಗೋಡೆ ಕಟ್ಟುವ ವಿದ್ಯೆಯನ್ನು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದವು. ಅದೇ ವರ್ಷ ಹೆಬ್ಬಾಳದಲ್ಲಿ ಚರಂಡಿಗೆಂದು ಅಗೆಯುವಾಗ, ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬವನ ವೀರಗಲ್ಲು ಸಿಕ್ಕಿತು. ಊರಿನವರು, ಇತಿಹಾಸದ ಹುಚ್ಚಿನವರು ಕೂಡಿ ಅದನ್ನು ಉಳಿಸಿಕೊಂಡರು, ಮಂಟಪವೂ ಎದ್ದಿತು. ಅಕ್ಷರವಿದ್ದ ಕಲ್ಲು, ಉಳಿಯಿತು. ಬರಹವಿಲ್ಲದ ದೊಡ್ಡಿಗೋಡೆಯ ಪರ ಮಾತಾಡುವವರು ಯಾರೂ ಇರಲಿಲ್ಲ. ಜೆಸಿಬಿ ಒಂದು ಬೆಳಗ್ಗೆ ಬಂದು ಹೋಯಿತು, ಅಷ್ಟೆ.

ಈಗಲೂ ಯಲಹಂಕ, ಜಕ್ಕೂರು ಕಡೆ ಹಳೇ ಚಪ್ಪಡಿ ಕಾಂಪೌಂಡು ಒಡೆಯುತ್ತಲೇ ಇದ್ದಾರೆ. ಒಡೆದ ಕಡೆ ಕೇಳಿದರೆ ಒಂದು ಚೀಲ ಚಕ್ಕೆಗೆ ಯಾರೂ ಇಲ್ಲವೆನ್ನುವುದಿಲ್ಲ. ತೊಳೆದು, ಚೂಪು ಅಂಚನ್ನು ಒರಟು ನೆಲಕ್ಕೆ ಉಜ್ಜಿ, ಈ ದಸರೆಗೆ ಮೊಮ್ಮಗಳಿಗೋ ಪಕ್ಕದ ಮನೆಯ ಮಗುವಿಗೋ ಕೊಡಿ. ಅವರ ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿಕೊಳ್ಳಿ. ಹಸು ಇಲ್ಲದಿದ್ದರೆ ಸ್ಕೂಟರು ನಿಲ್ಲಿಸುವ ಜಾಗಕ್ಕೇ ಗೋಡೆಯಾಗಲಿ. ಎರಡು ಸಲ ಬಿದ್ದೀತು, ಬೀಳಲಿ. ಫೆವಿಕಾಲ್ ಮಾತ್ರ ಹಚ್ಚಬೇಡಿ.